ಪಿ0420 ಕೋಡ್ ಬಂದರೆ ಕನ್ವರ್ಟರ್ ಬದಲಿಸಲೇಬೇಕಾ?

ಪ್ರಶ್ನೆ: ಸರ್, 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, 92,000 ಕಿ.ಮೀ. ಓಡಿದೆ. ಚೆಕ್ ಇಂಜಿನ್ ಲೈಟ್ ಬಂದು ಸ್ಕ್ಯಾನರ್ ಹಾಕಿಸಿದಾಗ ಪಿ0420 ತೋರಿಸಿತು. ಗ್ಯಾರೇಜಿನಲ್ಲಿ ಹಿಂದಿನ ಆಕ್ಸಿಜನ್ ಸೆನ್ಸರ್ ಬದಲಿಸಿದರು, ಎಂಟೇ ದಿನಕ್ಕೆ ಅದೇ ಕೋಡ್ ವಾಪಸ್. ಈಗ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕಿಸಿ ಅಂತಿದ್ದಾರೆ. ಪಿಕಪ್ ಚೆನ್ನಾಗಿಯೇ ಇದೆ, ಮೈಲೇಜ್ ಸ್ವಲ್ಪ ಇಳಿದಿದೆ. ಹಾಕಿಸಲಾ?

ಉತ್ತರ: ಈಗಲೇ ಬೇಡ. ಕನ್ವರ್ಟರ್ ಎಂದರೆ ಸೈಲೆನ್ಸರ್ ಲೈನಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬ. ಪಿ0420 ಅಂದರೆ ಅದು ಸತ್ತಿದೆ ಎಂದಲ್ಲ. ಹಿಂದಿನ ಸೆನ್ಸರ್ (ಕನ್ವರ್ಟರ್ ದಾಟಿದ ಮೇಲೆ ಇರುವುದು) ಕೊಡುತ್ತಿರುವ ಲೆಕ್ಕ ನೋಡಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕನ್ವರ್ಟರ್ ಮೇಲೆ ಅನುಮಾನ ಪಟ್ಟಿದೆ, ಅಷ್ಟೆ. ಕನ್ವರ್ಟರ್ ಒಳಗಿನ ಸೀರಿಯಂ ಆಕ್ಸೈಡ್ ಲೇಪ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುತ್ತದೆ. ಅದಕ್ಕೇ ಕನ್ವರ್ಟರ್‌ಗೂ ಮೊದಲು ಇರುವ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಕುಣಿಯುತ್ತಿದ್ದರೂ ಹಿಂದಿನದು 0.6–0.7 ವೋಲ್ಟ್ ಆಸುಪಾಸಿನಲ್ಲಿ ಹೆಚ್ಚು ಅಲುಗಾಡದೆ ನಿಲ್ಲಬೇಕು. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿಯತೊಡಗಿದರೆ ಕೋಡ್ ಬೀಳುತ್ತದೆ. ಆದರೆ ಸೈಲೆನ್ಸರ್ ಲೈನಿನಲ್ಲಿ ಸಣ್ಣ ಲೀಕ್ ಇದ್ದು ಹೊರಗಿನ ಗಾಳಿ ಒಳಸೇರಿದರೂ ಇದೇ ಕೋಡ್ ಬರಬಹುದು.

ಮೊದಲು ಕೋಡ್ ಅಳಿಸಬೇಡಿ. ಸ್ಕ್ಯಾನರ್‌ನಲ್ಲಿ ಫ್ರೀಜ್ ಫ್ರೇಮ್ (ಕೋಡ್ ಬಿದ್ದ ಕ್ಷಣದ ಇಂಜಿನ್ ಅಂಕಿಗಳು) ತೆಗೆದು ಫೋಟೋ ಹಿಡಿದಿಡಿ. ಅಳಿಸಿದರೆ ಅದೂ ಹೋಗುತ್ತದೆ. ಜೊತೆಗೆ ಪಿ0300 ಸರಣಿಯ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತದಿರುವುದು), ಪಿ0171 (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ), ಪಿ0172 (ಪೆಟ್ರೋಲ್ ಹೆಚ್ಚು) ಇದ್ದರೆ ಮೊದಲು ಅವನ್ನು ಸರಿಮಾಡಿ.

ಆಮೇಲೆ ಹತ್ತು ಹದಿನೈದು ನಿಮಿಷ ಓಡಿಸಿ ಇಂಜಿನ್ ಪೂರ್ತಿ ಬಿಸಿ ಮಾಡಿ. 2500 ಆರ್‌ಪಿಎಂನಲ್ಲಿ ಎರಡು ನಿಮಿಷ ಹಿಡಿದು ಎರಡೂ ಸೆನ್ಸರ್‌ಗಳ ಗ್ರಾಫ್ ನೋಡಿ. ಐಡ್ಲಿಂಗ್‌ನಲ್ಲಿ ಮಾತ್ರ ನೋಡಿ ತೀರ್ಮಾನ ಮಾಡಬೇಡಿ, ಕನ್ವರ್ಟರ್ ತಣ್ಣಗಾಗಿ ಒಳ್ಳೆಯದೂ ಕೆಟ್ಟದ್ದರಂತೆ ಕಾಣಬಹುದು. ಮುಂದಿನದು ವೈಡ್‌ಬ್ಯಾಂಡ್ (ಬೇರೆ ಬಗೆಯಲ್ಲಿ ಅಳೆಯುವ ಸೆನ್ಸರ್) ಆಗಿದ್ದರೆ ಈ ಕುಣಿತವನ್ನು ಅದರಲ್ಲಿ ಹುಡುಕಬೇಡಿ. ಜೊತೆಗೆ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಐಡ್ಲಿಂಗ್‌ನಲ್ಲಿ ಎಷ್ಟು, 2500ರಲ್ಲಿ ಎಷ್ಟು, ಎರಡನ್ನೂ ಬರೆದುಕೊಳ್ಳಿ. ಆ ಅಂಕಿಗಳನ್ನು ಇಲ್ಲಿ ಹಾಕಿ.

ಪ್ರಶ್ನೆ: ನೋಡಿಸಿದೆ ಸರ್. ಬೇರೆ ಕೋಡ್ ಇಲ್ಲ. ಟ್ರಿಮ್ ಐಡ್ಲಿಂಗ್‌ನಲ್ಲಿ +14, 2500ರಲ್ಲಿ +4. ಹಿಂದಿನ ಸೆನ್ಸರ್ 0.2ರಿಂದ 0.7ರ ತನಕ ಏರಿಳಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಎರಡು ನಿಮಿಷಕ್ಕೆ ಮಾಯ.

ಉತ್ತರ: ಆ ಟಿಕ್ ಟಿಕ್ ಬಗ್ಗೆ ಹೇಳಿದ್ದು ಒಳ್ಳೆಯದಾಯಿತು. ±5ರೊಳಗೆ ಇರಬೇಕಾದ ಟ್ರಿಮ್ ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು ರೇಸ್ ಕೊಟ್ಟಾಗ ಇಳಿಯುತ್ತದೆ ಎಂದರೆ ಸಾಮಾನ್ಯವಾಗಿ ಇನ್‌ಟೇಕ್ ಕಡೆ ವ್ಯಾಕ್ಯೂಮ್ ಲೀಕ್ (ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗುವುದು), ಇಲ್ಲವೇ ಮುಂದಿನ ಸೆನ್ಸರ್‌ಗೂ ಮೊದಲು ಎಕ್ಸಾಸ್ಟ್ ಲೀಕ್. ತಣ್ಣಗಿದ್ದಾಗ ಸದ್ದು, ಬಿಸಿಯಾದ ಮೇಲೆ ಲೋಹ ಹಿಗ್ಗಿ ಮುಚ್ಚಿಕೊಳ್ಳುವುದು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಇಂಜಿನ್‌ಗೂ ಹೊಗೆ ಕೊಳವೆಗೂ ನಡುವಿನ ಸೀಲ್) ಲೀಕಿನ ಗುರುತು.

ರಾತ್ರಿಯಿಡೀ ನಿಂತ ಗಾಡಿಯ ಹೀಟ್ ಶೀಲ್ಡ್ ಬಿಚ್ಚಿಸಿ. ಗ್ಯಾಸ್ಕೆಟ್ ಅಂಚಿನಲ್ಲಿ ಕಾಡಿಗೆ ಹಚ್ಚಿದಂತೆ ಕಪ್ಪು ಗೆರೆ ಕಂಡರೆ ಅದೇ ಜಾಗ. ಕಾಣದಿದ್ದರೆ ಸ್ಟಾರ್ಟ್ ಮಾಡಿದ ತಕ್ಷಣ ಸೋಪಿನ ನೀರು ಸಿಂಪಡಿಸಿ ಗುಳ್ಳೆ ಏಳುತ್ತದಾ ನೋಡಿ. ಬಿಸಿ ಮ್ಯಾನಿಫೋಲ್ಡ್ ಮೇಲೆ ನೀರು ಹಾಕಬೇಡಿ, ಬಿರುಕು ಬಿಡುತ್ತದೆ. ಗ್ಯಾಸ್ಕೆಟ್ ಬದಲಿಸುವಾಗ ಫ್ಲ್ಯಾಂಜ್ (ಗ್ಯಾಸ್ಕೆಟ್ ಕೂರುವ ಚಪ್ಪಟೆ ಅಂಚು) ಬಾಗಿದೆಯೇ ಎಂದು ಸ್ಟ್ರೈಟ್ ಎಡ್ಜ್ ಮತ್ತು ಫೀಲರ್ ಗೇಜ್ ಇಟ್ಟು ನೋಡಲು ಹೇಳಿ. ಬಾಗಿದ್ದಕ್ಕೆ ಹೊಸ ಗ್ಯಾಸ್ಕೆಟ್ ಹಾಕಿದರೆ ತಿಂಗಳೂ ಬಾಳುವುದಿಲ್ಲ. ನಟ್ ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿಯಬೇಕು. ಸಿಲಿಕೋನ್ ಸೀಲೆಂಟ್ ಬಳಿಯಲು ಬಿಡಬೇಡಿ, ಸಿಲಿಕೋನ್ ಆಕ್ಸಿಜನ್ ಸೆನ್ಸರಿಗೂ ಕನ್ವರ್ಟರಿಗೂ ವಿಷ.

ನಂತರ ಕೋಡ್ ಅಳಿಸಿ 150–200 ಕಿ.ಮೀ. ಓಡಿಸಿ, ಅದರಲ್ಲಿ ಹದಿನೈದು ನಿಮಿಷವಾದರೂ 60–80 ವೇಗದಲ್ಲಿ ಒಂದೇ ಸಮ. ಟ್ರಿಮ್ ±5ರೊಳಗೆ ಬಂದೂ ಹಿಂದಿನ ಸೆನ್ಸರ್ ಕುಣಿಯುತ್ತಿದ್ದರೆ ಮಾತ್ರ ಕನ್ವರ್ಟರ್ ವಿಷಯ ಮಾತಾಡೋಣ. ಅಷ್ಟರೊಳಗೆ ಎಮಿಷನ್ ಟೆಸ್ಟಿನ ಚೀಟಿಯನ್ನೂ ತೆಗೆಸಿ. ಬಿಎಸ್ 4 (ಭಾರತ್ ಸ್ಟೇಜ್ 4 ಹೊಗೆ ನಿಯಮದ) ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ 0.3%, 2500ರ ಆಸುಪಾಸಿನಲ್ಲಿ 0.2%. ಕನ್ವರ್ಟರ್ ಚೆನ್ನಾಗಿದ್ದರೆ ಅದಕ್ಕಿಂತ ಬಹಳ ಕೆಳಗೆ ಇರುತ್ತದೆ.

ಪ್ರಶ್ನೆ (ಇನ್ನೊಬ್ಬರು): ಅಣ್ಣ, ನನ್ನ ಗಾಡಿಗೆ ಪಿ0141. ಇದೂ ಲೀಕಾ?

ಉತ್ತರ: ಅಲ್ಲ. ಅದು ಹಿಂದಿನ ಸೆನ್ಸರ್‌ನ ಹೀಟರ್ ಸರ್ಕ್ಯೂಟ್ ಕೋಡ್, ಮುಂದಿನದಾದರೆ ಪಿ0135. ಮೊದಲು ಫ್ಯೂಸ್, ನಂತರ ವೈರಿಂಗ್. ಮನೆಮುಂದೆ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ವೈರ್ ಸಾಮಾನ್ಯ. ಕನೆಕ್ಟರ್ ಬಿಚ್ಚಿ ಸೆನ್ಸರ್ ಕಡೆಯಲ್ಲಿ ಒಂದೇ ಬಣ್ಣದ ಎರಡು ವೈರ್‌ಗಳ ನಡುವೆ ಓಮ್ ಅಳೆಯಿರಿ. ತಣ್ಣಗಿದ್ದಾಗ ಸುಮಾರು 3ರಿಂದ 15 ಓಮ್ ಬರಬೇಕು. ಮೀಟರ್ ಓಪನ್ ತೋರಿಸಿದರೆ ಸೆನ್ಸರ್ ಬದಲಿಸಿ. ಓಮ್ ಸರಿ ಇದ್ದರೆ ಇಂಜಿನ್ ಚಾಲೂ ಇಟ್ಟು ಗಾಡಿ ಕಡೆಯ ಪಿನ್‌ನಲ್ಲಿ 12 ವೋಲ್ಟ್ ಮೇಲಿದೆಯಾ ನೋಡಿ. ಇಲ್ಲದಿದ್ದರೆ ಹೊಸ ಸೆನ್ಸರ್ ಹಾಕಿದರೂ ಕೋಡ್ ಹೋಗದು.

ಬದಲಿಸುವಾಗ ವೈರ್ ಕತ್ತರಿಸಿ ಸೋಲ್ಡರ್ ಮಾಡಿಸಬೇಡಿ. ಬಹಳಷ್ಟು ಝಿರ್ಕೋನಿಯಾ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ, ಸೋಲ್ಡರ್ ಆ ದಾರಿ ಮುಚ್ಚುತ್ತದೆ. ಕನೆಕ್ಟರ್ ಸಮೇತ ಬರುವ ಸೆನ್ಸರ್ ತೆಗೆದುಕೊಳ್ಳಿ. ಹೆಚ್ಚಿನವಕ್ಕೆ 22 ಮಿ.ಮೀ. ಸ್ಪ್ಯಾನರ್ ಸಾಕು. ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಥ್ರೆಡ್‌ಗೆ ಮಾತ್ರ, ತುದಿಗೆ ತಾಗಕೂಡದು.

ಪ್ರಶ್ನೆ (ಇನ್ನೊಬ್ಬರು): ಪೆಟ್ರೋಲಿಗೆ ಹಾಕುವ ಕ್ಲೀನರ್ ಬಾಟಲಿಯಿಂದ ಕನ್ವರ್ಟರ್ ಸರಿಹೋಗುತ್ತಾ? ಇಲ್ಲಾ ಒಳಗಿನ ಜೇನುಗೂಡು ತೆಗೆಸಿಬಿಡಬಹುದಾ?

ಉತ್ತರ: ಕರಗಿದ್ದನ್ನಾಗಲಿ, ಆಯಿಲ್‌ನ ರಂಜಕ ಅಂಟಿ ಮುಚ್ಚಿದ್ದನ್ನಾಗಲಿ ಯಾವ ಬಾಟಲಿಯೂ ಸರಿಮಾಡದು. ಜೇನುಗೂಡು ತೆಗೆಸುವುದು ದಯವಿಟ್ಟು ಬೇಡ. ಅದು ಕಾನೂನಿಗೂ ವಿರುದ್ಧ, ಆ ವಿಷದ ಹೊಗೆ ಹಿಂದೆ ಬರುವ ಬೈಕಿನವರ ಮುಖಕ್ಕೇ ಹೊಡೆಯುತ್ತದೆ.

ಕನ್ವರ್ಟರ್ ತಾನಾಗಿ ಸಾಯುವುದು ಕಮ್ಮಿ. ಮಿಸ್‌ಫೈರ್ ಇದ್ದು ಸುಡದ ಪೆಟ್ರೋಲ್ ಒಳಗೆ ಹೋಗಿ ಉರಿದರೆ ಸೆರಾಮಿಕ್ ಕರಗುತ್ತದೆ. ಆಯಿಲ್ ಕುಡಿಯುವ ಇಂಜಿನ್, ಹೆಡ್ ಗ್ಯಾಸ್ಕೆಟ್‌ನಿಂದ ಕೂಲೆಂಟ್ ಸೋರುವ ಇಂಜಿನ್ ನಿಧಾನವಾಗಿ ಕೊಲ್ಲುತ್ತವೆ. ಕಾರಣ ಹುಡುಕದೆ ಹೊಸದು ಹಾಕಿದರೆ ಅದೂ ಹಾಗೇ ಹೋಗುತ್ತದೆ. ತಣ್ಣಗಿದ್ದಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಗಲಗಲ ಎಂದರೆ ಒಳಗೆ ಒಡೆದಿದೆ. ಪಿಕಪ್ ಬಿದ್ದಿದ್ದರೆ ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿಸಿ. 2500ರಲ್ಲಿ 3 ಪಿಎಸ್‌ಐ ದಾಟಿದರೆ ಕಟ್ಟಿಕೊಂಡಿದೆ. ಹೊಸದು ಹಾಕಿಸಲೇಬೇಕಾದರೆ ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ. ಬಿಲ್ಲಿನಲ್ಲಿ ಅದರ ಬೆಲೆ ಕಳೆಯಲು ಕೇಳಿ, ಇಲ್ಲವೇ ಮನೆಗೆ ತನ್ನಿ.