911 ಕೇಂದ್ರದ ಕೆಲಸದ ಜೊತೆಗೆ ಸಾರ್ವಜನಿಕ ಸುರಕ್ಷತಾ ನಾಯಕತ್ವದ ಆನ್‌ಲೈನ್ ಸ್ನಾತಕೋತ್ತರ ಪದವಿ: ಕೈಯಿಂದ ಹಣ ಹಾಕಿ ಓದಬಹುದೇ?

ಪ್ರಶ್ನೆ: ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು. ಮದುವೆಯಾಗಿ ಅಮೆರಿಕದ ಟೆಕ್ಸಸ್‌ಗೆ ಬಂದು ಹದಿನಾರು ವರ್ಷವಾಯಿತು, ಇಲ್ಲಿಯ ಪೌರತ್ವವೂ ದೊರೆತಿದೆ. ಒಂಬತ್ತು ವರ್ಷಗಳ ಹಿಂದೆ ಒಂದು ಕೌಂಟಿಯ 911 ತುರ್ತು ಕರೆ ಕೇಂದ್ರಕ್ಕೆ ಡಿಸ್ಪ್ಯಾಚರ್ (ಕರೆ ಸ್ವೀಕರಿಸಿ ನೆರವು ಕಳಿಸುವವಳು) ಆಗಿ ಸೇರಿದೆ. ಮೂರು ವರ್ಷಗಳಿಂದ ರಾತ್ರಿ ಪಾಳಿಯ ಮೇಲ್ವಿಚಾರಕಿಯಾಗಿದ್ದೇನೆ. ನಮ್ಮ ಉಪನಿರ್ದೇಶಕರು ಇನ್ನೆರಡು ವರ್ಷಗಳಲ್ಲಿ ನಿವೃತ್ತರಾಗುತ್ತಾರೆ. ಆ ಹುದ್ದೆಗೆ ಹಿಂದೊಮ್ಮೆ ಹೊರಟಿದ್ದ ಪ್ರಕಟಣೆಯಲ್ಲಿ ಸ್ನಾತಕೋತ್ತರ ಪದವೀಧರರಿಗೆ ಆದ್ಯತೆ ಎಂದಿತ್ತು.

ಹುದ್ದೆಯ ಆಸೆಯೊಂದೇ ಕಾರಣವಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹಿಮಗಟ್ಟಿ ಕರೆಂಟು ಹೋಗಿದ್ದಾಗ, ಮನೆಯವರಿಗೆಲ್ಲ ತಲೆನೋವು, ವಾಂತಿ ಎಂಬ ಕರೆಗಳು ಒಂದರ ಹಿಂದೊಂದು ಬಂದವು. ಮೂರನೆಯ ಕರೆಯ ಹಿನ್ನೆಲೆಯಲ್ಲಿ ಎಂಜಿನ್ನಿನ ಸದ್ದು ಕೇಳಿಸಿದಾಗಲಷ್ಟೇ, ಜನರು ಚಳಿ ತಾಳಲಾರದೆ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿಕೊಂಡು ಕುಳಿತಿದ್ದಾರೆ, ಇದು ಕಾರ್ಬನ್ ಮಾನಾಕ್ಸೈಡ್ ವಿಷಾನಿಲದ ಕೆಲಸ ಎಂದು ನನಗೆ ಹೊಳೆಯಿತು. ತಲೆನೋವು ಎಂದವರನ್ನು ಮೊದಲು ಮನೆಯಿಂದ ಹೊರಗೆ ಬರಹೇಳಿ ಎಂಬ ಒಂದು ಸಾಲನ್ನು ಎಲ್ಲರ ಪ್ರಶ್ನಾವಳಿಗೆ ಸೇರಿಸಲು ಯಾರ ಅಪ್ಪಣೆ ಬೇಕೆಂಬುದು ಆ ರಾತ್ರಿ ಪಾಳಿಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಹಳದಿ ಚೀಟಿಗಳಲ್ಲಿ ಬರೆದು ಪ್ರತಿಯೊಂದು ಪರದೆಯ ಅಂಚಿಗೂ ನಾನೇ ಅಂಟಿಸಿದೆ. ಬೆಳಿಗ್ಗೆ ಆ ಚೀಟಿಗಳಿಗಾಗಿ ಮೇಲಿನವರಿಂದ ಮಾತೂ ಕೇಳಿದೆ.

ಇಂಥದ್ದನ್ನು ನೆಟ್ಟಗೆ ನಿಭಾಯಿಸುವುದನ್ನು ಈ ಪದವಿಗಳು ನಿಜವಾಗಿ ಕಲಿಸುತ್ತವೆಯೇ? ನನ್ನದು ಮೈಸೂರು ವಿಶ್ವವಿದ್ಯಾಲಯದ ಮೂರು ವರ್ಷದ ಬಿ.ಕಾಂ.; ಅದು ಪ್ರವೇಶಕ್ಕೆ ಸಾಕಾಗುತ್ತದೆಯೇ? ಸಾಲ ಮಾಡಿ ಓದಲು ನನಗೆ ಮನಸ್ಸಿಲ್ಲ. ಓದಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕಾಳಿ_ಕಣಿವೆ

ಮೇಡಂ, ನಾನು ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ ತುರ್ತು ನಿರ್ವಹಣಾ ಕಚೇರಿಯಲ್ಲಿದ್ದೇನೆ. ಇದೇ ಬಗೆಯ ಪದವಿಯನ್ನು ಹೋದ ವರ್ಷ ಆನ್‌ಲೈನಿನಲ್ಲಿ ಮುಗಿಸಿದೆ. ನಿಮ್ಮ ಹಳದಿ ಚೀಟಿಯ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಮ್ಮ ತರಗತಿಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ನಿಮ್ಮ ರಾಜ್ಯದ್ದೇ ಆದ ಯುವಾಲ್ಡಿ ಪ್ರಕರಣ. 2022ರ ಮೇ 24ರಂದು ಅಲ್ಲಿಯ ರಾಬ್ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಹತರಾದರು. 370ಕ್ಕೂ ಹೆಚ್ಚು ಪೊಲೀಸರು ಸ್ಥಳಕ್ಕೆ ಬಂದಿದ್ದರೂ ಬಂದೂಕುಧಾರಿಯಿದ್ದ ಕೋಣೆಯನ್ನು ಹೊಕ್ಕು ಅವನನ್ನು ಹೊಡೆದುರುಳಿಸುವ ಹೊತ್ತಿಗೆ 77 ನಿಮಿಷ ಕಳೆದಿದ್ದವು. ಅಷ್ಟರಲ್ಲಿ ಕೋಣೆಯೊಳಗಿನಿಂದ ಮಕ್ಕಳೇ 911ಕ್ಕೆ ಕರೆ ಮಾಡಿದ್ದರು. ಆ ಮಾತು ರೇಡಿಯೋದಲ್ಲಿ ಬಿತ್ತರವಾದರೂ ಒಳನುಗ್ಗುವ ತೀರ್ಮಾನವಾಗಿ ಮಾರ್ಪಡಲಿಲ್ಲ. ಸ್ಥಳದ ಹೊಣೆ ಹೊರಬೇಕಿದ್ದ ಅಧಿಕಾರಿಯ ಕೈಯಲ್ಲಿ ರೇಡಿಯೋವೇ ಇರಲಿಲ್ಲ. 2024ರ ಜನವರಿಯಲ್ಲಿ ಕೇಂದ್ರ ನ್ಯಾಯ ಇಲಾಖೆ ಹೊರಡಿಸಿದ ವರದಿಯನ್ನು ನಾವು ಸಾಲು ಸಾಲಾಗಿ ಓದಿದೆವು. ಯಾರಿಗೆ ಏನು ಗೊತ್ತಿತ್ತು, ಅದು ಯಾವ ಮೆಟ್ಟಿಲಲ್ಲಿ ನಿಂತುಹೋಯಿತು ಎಂದು ಗುರುತಿಸುತ್ತ ಹೋಗುವುದೇ ಎಂಟು ವಾರಗಳ ಆ ಕೋರ್ಸಿನ ಕೆಲಸವಾಗಿತ್ತು. ಸಹಪಾಠಿಗಳಲ್ಲಿ ಅಗ್ನಿಶಾಮಕ ದಳದವರು, ಶೆರಿಫ್ ಕಚೇರಿಯವರು, ಆಂಬುಲೆನ್ಸ್‌ನವರು ಇದ್ದರು. ಡಿಸ್ಪ್ಯಾಚಿನಿಂದ ಬಂದವರು ಒಬ್ಬರೇ. ಉಳಿದವರೆಲ್ಲ ಬಾಯಿ ಮುಚ್ಚಿ ಕೇಳಿಸಿಕೊಂಡದ್ದು ಅವರ ಮಾತನ್ನೇ.

ಎಲ್ಲ ವಿಷಯಗಳೂ ಹೀಗಿರುವುದಿಲ್ಲ. ನಾಯಕತ್ವದ ಸಿದ್ಧಾಂತಗಳೆಂಬ ಹೆಸರಿನ ಒಂದು ಕೋರ್ಸಿನಲ್ಲಿ ನನಗೆ ಸಿಕ್ಕಿದ್ದು ನಿದ್ದೆ ಮಾತ್ರ. ಹಾಗೆ ನೋಡಿದರೆ ಬಜೆಟ್ ಮತ್ತು ಕಾರ್ಮಿಕ ಕಾನೂನಿನ ಪಾಠಗಳೇ ಕೆಲಸದಲ್ಲಿ ದಿನವೂ ಉಪಯೋಗಕ್ಕೆ ಬರುತ್ತಿವೆ, ಮತ್ತು ಬಿ.ಕಾಂ. ಓದಿದ ನಿಮಗೆ ಅವು ಸಲೀಸಾಗುತ್ತವೆ. ವಾರಕ್ಕೆ ಹದಿನೈದು ಗಂಟೆಗಳನ್ನಾದರೂ ಮೀಸಲಿಡಬೇಕಾಗುತ್ತದೆ. ಕೊನೆಯ ಪ್ರಾಜೆಕ್ಟಿಗೆ ನಿಮ್ಮ ಆ ಒಂದು ಸಾಲಿನ ಸಮಸ್ಯೆಯನ್ನೇ ತೆಗೆದುಕೊಂಡರೆ, ಬರೆದದ್ದು ಕಪಾಟು ಸೇರದೆ ನಿಮ್ಮ ಕೇಂದ್ರದಲ್ಲೇ ಬಳಕೆಗೆ ಬಂದೀತು.

ಮೂರು ವರ್ಷದ ಪದವಿಯ ವಿಷಯದಲ್ಲಿ ಒಂದೊಂದು ವಿಶ್ವವಿದ್ಯಾಲಯದ ನಿಯಮ ಒಂದೊಂದು ಬಗೆ; ಕೆಲವು ಅದನ್ನು ಇಲ್ಲಿಯ ನಾಲ್ಕು ವರ್ಷದ ಪದವಿಗೆ ಸಮನೆಂದು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಅರ್ಜಿಯ ಶುಲ್ಕ ಕಟ್ಟುವ ಮೊದಲೇ ಪ್ರವೇಶ ವಿಭಾಗದಿಂದ ಲಿಖಿತ ಉತ್ತರ ಪಡೆಯಿರಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಅವರ ಜಾಹೀರಾತಿನಿಂದಲ್ಲ, ಕೇಂದ್ರ ಶಿಕ್ಷಣ ಇಲಾಖೆಯ ಪಟ್ಟಿಯಿಂದಲೇ ಖಚಿತಪಡಿಸಿಕೊಳ್ಳಿ.

ಉತ್ತರ 2: ಮೂರನೇ_ಪಾಳಿ

ಕಾಳಿ_ಕಣಿವೆಯವರು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ, ಆದರೆ ಕ್ರಮವನ್ನು ನಾನು ತಿರುಗಿಸುತ್ತೇನೆ. ಇಪ್ಪತ್ತು ವರ್ಷ ಡಿಸ್ಪ್ಯಾಚಿನಲ್ಲಿದ್ದು, ಈಗ ನೇಮಕಾತಿ ಸಮಿತಿಯಲ್ಲಿ ಕೂರುವವನಾಗಿ ಹೇಳುತ್ತಿದ್ದೇನೆ: ಪ್ರಕಟಣೆಯಲ್ಲಿ ‘ಆದ್ಯತೆ’ ಎಂದಿದ್ದರೆ ಅದು ‘ಕಡ್ಡಾಯ’ ಅಲ್ಲ. 911 ಕೇಂದ್ರದ ಹುದ್ದೆಗೆ ನಾವು ಮೊದಲು ನೋಡುವುದು ತುರ್ತು ಸಂಖ್ಯೆಯ ಸೇವೆಗಳ ಸಂಘವಾದ ನೀನಾ ನಡೆಸುವ ಇಎನ್‌ಪಿ ಪರೀಕ್ಷೆ ಪಾಸಾಗಿದೆಯೇ, ತುರ್ತು ಸಂಪರ್ಕ ಸಿಬ್ಬಂದಿಯ ಸಂಘವಾದ ಆಪ್ಕೊದ ಆರ್‌ಪಿಎಲ್ ನಾಯಕತ್ವ ತರಬೇತಿ ಮುಗಿದಿದೆಯೇ ಎಂಬುದನ್ನು. ಎರಡೂ ನಮ್ಮ ಕಸುಬಿನವರು ನಮ್ಮ ಕಸುಬಿಗಾಗಿಯೇ ಕಟ್ಟಿದವು, ಮತ್ತು ಪದವಿಯ ಖರ್ಚಿನ ಮುಂದೆ ಇವುಗಳ ಖರ್ಚು ಏನೇನೂ ಅಲ್ಲ.

ಪದವಿ ಬಂದರೆ ನಮ್ಮ ಕಸುಬಿನ ಮರ್ಯಾದೆ ಹೆಚ್ಚುತ್ತದೆ ಎಂದು ಹಲವರು ನಂಬಿದ್ದಾರೆ. ಟೆಕ್ಸಸ್ 2019ರಲ್ಲಿ ಕಾನೂನು ಮಾಡಿ 911 ಸಿಬ್ಬಂದಿಯನ್ನು ಪೊಲೀಸ್, ಅಗ್ನಿಶಾಮಕದವರಂಥ ಮೊದಲ ಸ್ಪಂದಕರ ಸಾಲಿಗೆ ಸೇರಿಸಿತು. ಆದರೆ ಕೇಂದ್ರ ಸರ್ಕಾರದ 2018ರ ಉದ್ಯೋಗ ವರ್ಗೀಕರಣದಲ್ಲಿ ನಮ್ಮನ್ನು ಇಟ್ಟಿರುವುದು ಗುಮಾಸ್ತರು ಮತ್ತು ಕಚೇರಿ ಸಹಾಯಕರ ಗುಂಪಿನಲ್ಲಿ. ಆ ಹಣೆಪಟ್ಟಿಯನ್ನು ಬದಲಿಸಬೇಕಾದುದು ಸರ್ಕಾರ. ಅದಕ್ಕಾಗಿ ನೀವು ಸಾವಿರಾರು ಡಾಲರ್ ಸುರಿಯಬೇಕಿಲ್ಲ.

ಉತ್ತರ 3: ಬೇಲೂರ_ಬಳ್ಳಿ

ಹಣದ ಬಗೆಗೆ ಎರಡು ಮಾತು. ಉದ್ಯೋಗದಾತರು ವರ್ಷಕ್ಕೆ 5,250 ಡಾಲರ್‌ವರೆಗೆ ಶಿಕ್ಷಣ ಶುಲ್ಕ ಭರಿಸಿದರೆ ಆ ಮೊತ್ತ ನಿಮ್ಮ ಆದಾಯ ತೆರಿಗೆಗೆ ಒಳಪಡುವುದಿಲ್ಲ. ಆದ್ದರಿಂದ ಪದವಿಯನ್ನು ಒಂದೂವರೆ ವರ್ಷದಲ್ಲಿ ಮುಗಿಸುವ ಬದಲು ಮೂರು ಕ್ಯಾಲೆಂಡರ್ ವರ್ಷಗಳಿಗೆ ಹರಡಿಕೊಂಡರೆ ಕೈಯಿಂದ ಹೋಗುವ ಹಣ ಬಹಳ ತಗ್ಗುತ್ತದೆ. ವಿಶ್ವವಿದ್ಯಾಲಯದ ಸಲಹೆಗಾರರು ಬೇಗ ಮುಗಿಸಿ ಎಂದೇ ಒತ್ತಾಯಿಸುತ್ತಾರೆ. ಅದು ಅವರ ವ್ಯಾಪಾರ.

ಇನ್ನೊಂದು, ಕ್ಯಾಲಿಫೋರ್ನಿಯಾದ ಮಾಂಟೆರೆಯ ನೌಕಾಪಡೆ ಸ್ನಾತಕೋತ್ತರ ಶಾಲೆಯಲ್ಲಿರುವ ಹೋಮ್‌ಲ್ಯಾಂಡ್ ಸೆಕ್ಯುರಿಟಿ (ದೇಶದ ಆಂತರಿಕ ಭದ್ರತೆ) ಕೇಂದ್ರದ ಪದವಿಯನ್ನೂ ಪರಿಶೀಲಿಸಿ. ಅವಧಿ ಸುಮಾರು 18 ತಿಂಗಳು. ಹೆಚ್ಚಿನ ಪಾಠ ಆನ್‌ಲೈನಿನಲ್ಲೇ ನಡೆದು, ಆಗಾಗ ಎರಡು ವಾರ ಅಲ್ಲಿಗೇ ಹೋಗಿ ಕೂರಬೇಕಾಗುತ್ತದೆ. ಆಯ್ಕೆಯಾದ ಸರ್ಕಾರಿ ನೌಕರರಿಂದ ಶುಲ್ಕ ಪಡೆಯುವುದಿಲ್ಲ. ಪೌರತ್ವವಿರುವ ನೀವು ಅರ್ಜಿ ಹಾಕಬಹುದು. ಸ್ಪರ್ಧೆ ಮಾತ್ರ ಕಠಿಣ, ಮತ್ತು ಮೇಲಧಿಕಾರಿಗಳ ಬೆಂಬಲವಿಲ್ಲದೆ ಸಾಧ್ಯವಿಲ್ಲ.

ಉತ್ತರ 4: ಶಿವಮೊಗ್ಗ_112

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಾನು ಕರ್ನಾಟಕದಲ್ಲಿ ಸೇವೆಯಲ್ಲಿದ್ದೇನೆ. ಇಲ್ಲಿದ್ದುಕೊಂಡು ಇಂಥ ಅಮೆರಿಕದ ಪದವಿ ಪಡೆದರೆ ಬಡ್ತಿಗೆ ಅನುಕೂಲವಾದೀತೇ?

ಉತ್ತರ 5: ಬೇಲೂರ_ಬಳ್ಳಿ

ಸರ್, ನಮ್ಮ ರಾಜ್ಯದಲ್ಲಿ ಬಡ್ತಿ ನಡೆಯುವುದು ವೃಂದ ಮತ್ತು ನೇಮಕಾತಿ ನಿಯಮಗಳಂತೆ. ಅವುಗಳಲ್ಲಿ ಹೇಳಿರದ ಪದವಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಿದೇಶಿ ಪದವಿಯಾದರೆ ತತ್ಸಮಾನತೆಯ ಪ್ರಶ್ನೆಯೂ ಎದುರಾಗುತ್ತದೆ. ಯುಜಿಸಿ ಮಾನ್ಯತೆಯಿರುವ ನಮ್ಮದೇ ಸಂಸ್ಥೆಗಳ ಆನ್‌ಲೈನ್ ಪದವಿ ಸಾಮಾನ್ಯ ಪದವಿಗೆ ಸಮಾನವೆಂದು 2022ರಲ್ಲಿ ಯುಜಿಸಿ ಸ್ಪಷ್ಟಪಡಿಸಿರುವುದರಿಂದ ಆ ದಾರಿಯೇ ಮೇಲು. ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಆವರಣ ನಿಮ್ಮ ಶಿವಮೊಗ್ಗದಲ್ಲೇ ಇದೆಯಲ್ಲ, ಒಮ್ಮೆ ಹೋಗಿ ವಿಚಾರಿಸಿ.

ಹೇಮಾವತಿ_ದಂಡೆ (ಹತ್ತು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಮಾನವ ಸಂಪನ್ಮೂಲ ವಿಭಾಗವನ್ನು ಕೇಳಿದೆ: ಬಿ ದರ್ಜೆ ಬಂದರೆ ಮಾತ್ರ ಶುಲ್ಕ ಮರಳಿಸುತ್ತಾರಂತೆ, ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ದುಡಿಯಬೇಕಂತೆ. ನನಗೇನೂ ಅಡ್ಡಿಯಿಲ್ಲ. ಮೂರನೇ_ಪಾಳಿಯವರ ಮಾತಿನಂತೆ ಇಎನ್‌ಪಿ ಪರೀಕ್ಷೆಗೆ ಈಗಲೇ ಓದತೊಡಗಿದ್ದೇನೆ; ಪದವಿಯನ್ನು ಮುಂದಿನ ವರ್ಷದಿಂದ, ಒಂದು ಅವಧಿಗೆ ಒಂದೇ ಕೋರ್ಸಿನಂತೆ ತೆಗೆದುಕೊಳ್ಳುವ ಎಣಿಕೆಯಿದೆ. ಬಿ.ಕಾಂ. ಬಗ್ಗೆ ಮೂರು ವಿಶ್ವವಿದ್ಯಾಲಯಗಳಿಗೆ ಬರೆದಿದ್ದೆ. ಒಂದು ಆಗದು ಎಂದಿತು, ಇನ್ನೊಂದು ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ ಕಳಿಸಿ ಎಂದಿದೆ, ಮೂರನೆಯವರು ಉತ್ತರಿಸುವ ಬದಲು ದಿನಕ್ಕೆರಡು ಬಾರಿ ಫೋನ್ ಮಾಡಿ ಯಾವಾಗ ಸೇರುತ್ತೀರಿ ಎಂದು ಕೇಳುತ್ತಿದ್ದಾರೆ. ಎರಡನೆಯವರಿಗೆ ಕಳಿಸಬೇಕಾದ ಅಂಕಪಟ್ಟಿಗಳನ್ನು ಊರಿನ ಬೀರುವಿನಿಂದ ಹುಡುಕಿ ತೆಗೆಯುವಂತೆ ತಮ್ಮನಿಗೆ ಹೇಳಿದ್ದೇನೆ.