‘ದಯಾಮರಣ ಇಲ್ಲೂ ಬರಲಿ’ ಅಂದಿದ್ದಕ್ಕೆ ಮನೆ ಗುಂಪಿನಲ್ಲಿ ನಡೆದ ಜಗಳ

ಸುಧೀರ: (ವೀಡಿಯೊ ಫಾರ್ವರ್ಡ್) ಎಲ್ಲರೂ ಕೊನೆಯವರೆಗೆ ನೋಡಿ. ಕ್ಯಾನ್ಸರ್ ಬಂದವರು ತಾವೇ ದಿನ ಗೊತ್ತುಮಾಡಿ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕರೆದು, ನಗುನಗುತ್ತಾ ಹೊರಟುಬಿಟ್ಟರು. ಅಪ್ಪನ ಕೊನೆಯ ದಿನಗಳು ನೆನಪಿವೆ ಅಲ್ವಾ ಎಲ್ಲರಿಗೂ? ಈ ಕಾನೂನು ಇಲ್ಲೂ ಬರಬೇಕು.

ಕಾವ್ಯ: ಅಳು ಬಂತು ಅಣ್ಣ. ನಿಜ, ಬರಬೇಕು.

ರಾಘು ಮಾವ: ಪ್ರಾಣ ಕೊಟ್ಟವನು ದೇವರು, ತೆಗೆದುಕೊಳ್ಳುವವನೂ ಅವನೇ. ಬೆಳಗ್ಗೆ ಬೆಳಗ್ಗೆ ಇಂಥದ್ದೆಲ್ಲ ಹಾಕಬೇಡಪ್ಪ.

ಸುಧೀರ: ಮಾವ, ದೇವರನ್ನು ನಂಬದವರೂ ಸಾಯುತ್ತಾರೆ. ಅಷ್ಟಕ್ಕೂ ಭೀಷ್ಮನಿಗೆ ಇಚ್ಛಾಮರಣ ಇತ್ತಲ್ಲ?

ವಸುಧಾ: ಭೀಷ್ಮ ಬಾಣದ ಮಂಚದ ಮೇಲೆ ಉತ್ತರಾಯಣಕ್ಕೆ ಕಾದ ಸುಧೀ. ತಲೆಗೆ ಆಸರೆ ಕೇಳಿದ, ಕುಡಿಯಲು ನೀರು ಕೇಳಿದ. ಕೊಂದುಬಿಡು ಅಂತ ಯಾರನ್ನೂ ಕೇಳಲಿಲ್ಲ. ಅದಿರಲಿ, ದೇವರ ಮಾತು ಪಕ್ಕಕ್ಕಿಟ್ಟರೂ ನಾನು ಇದಕ್ಕೆ ವಿರುದ್ಧ. ಡ್ಯೂಟಿಯಲ್ಲಿದ್ದೇನೆ, ಸಂಜೆ ಬರೆಯುತ್ತೇನೆ.

ಸುಧೀರ: ಬರೆಯಿರಿ ಅಕ್ಕ, ಕಾಯುತ್ತೇನೆ. ಆಸ್ಪತ್ರೆಯಲ್ಲಿ ದಿನಾ ನೋಡುವ ನೀವೇ ಹೀಗೆ ಹೇಳಿದರೆ ಹೇಗೆ?

ವಸುಧಾ: ಈಗ ಕೂತೆ. ಮೊದಲು ಚಿಕ್ಕಪ್ಪನ ವಿಷಯ. ನಿನಗೆ ನೋವಾಗುತ್ತದೆ ಅಂತ ಇಷ್ಟು ದಿನ ಈ ಮಾತು ಎತ್ತಿರಲಿಲ್ಲ. ಐಸಿಯುನಲ್ಲಿ ಅವರ ಎರಡೂ ಕೈಗಳನ್ನು ಮಂಚದ ಸರಳಿಗೆ ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿದ್ದರು, ಟ್ಯೂಬ್ ಕಿತ್ತುಕೊಳ್ಳುತ್ತಾರೆ ಅಂತ. ವಾಸಿಯಾಗುವ ಕಾಯಿಲೆ ಅಲ್ಲ ಅಂತ ಡಾಕ್ಟರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ವೆಂಟಿಲೇಟರ್, ಡಯಾಲಿಸಿಸ್, ದಿನಾ ರಕ್ತ ತೆಗೆಯುವುದು. ನಿನ್ನ ಕಣ್ಣ ಮುಂದೆ ಇವತ್ತಿಗೂ ನಿಂತಿರುವುದು ಅದೇ ಅಲ್ವಾ? ಅಲ್ಲಿ ಯಾರಾದರೂ ಒಬ್ಬ ಡಾಕ್ಟರು ನಮ್ಮನ್ನು ಕೂರಿಸಿಕೊಂಡು, ಸಾಕು, ಈ ಯಂತ್ರ ತೆಗೆಯೋಣ, ನೋವಿಗೆ ಔಷಧಿ ಕೊಡುತ್ತೇನೆ, ನೀವು ಪಕ್ಕದಲ್ಲಿರಿ ಅಂದಿದ್ದರೆ ಆಗಿತ್ತು. ಅದಕ್ಕೆ ಹೊಸ ಕಾನೂನು ಬೇಕಿಲ್ಲ. 2018ರ ಮಾರ್ಚ್‌ನಲ್ಲೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಒಪ್ಪಿದೆ. 2023ರ ಜನವರಿಯಲ್ಲಿ ನಿಯಮಗಳನ್ನು ಇನ್ನೂ ಸುಲಭ ಮಾಡಿದರು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆಯನ್ನೂ ಹೊರಡಿಸಿತು. ನಿನ್ನ ವೀಡಿಯೊದಲ್ಲಿರುವುದೇ ಬೇರೆ, ಇಂಜೆಕ್ಷನ್ ಕೊಟ್ಟು ಸಾಯಿಸುವುದು.

ಸುಧೀರ: ಎರಡರಲ್ಲೂ ಮನುಷ್ಯ ಹೋಗುತ್ತಾನೆ. ಫಲಿತಾಂಶ ಒಂದೇ. ಒಂದು ನಿಧಾನ, ಒಂದು ಬೇಗ. ಅಷ್ಟಕ್ಕೆ ಇಷ್ಟು ದೊಡ್ಡ ಗೆರೆ ಯಾಕೆ?

ವಸುಧಾ: ಟ್ಯೂಬ್ ತೆಗೆದ ಮೇಲೂ ಕೆಲವರು ಉಸಿರಾಡುತ್ತಲೇ ಇರುತ್ತಾರೆ. ನಾನೇ ನೋಡಿದ್ದೇನೆ. ಆಗ ಬಾಯಿ ಒರೆಸುತ್ತೇವೆ, ಮಗ್ಗುಲು ಬದಲಿಸುತ್ತೇವೆ, ಮನೆಯವರನ್ನು ಒಳಗೆ ಕರೆಯುತ್ತೇವೆ. ಕಾಯಿಲೆ ತನ್ನ ಪಾಡಿಗೆ ಕರೆದುಕೊಂಡು ಹೋದರೆ ಹೋಗಲಿ. ಇಂಜೆಕ್ಷನ್ ಕೊಟ್ಟ ಮೇಲೂ ಉಸಿರಾಡಿದರೆ? ಇನ್ನೊಂದು ಕೊಡಬೇಕು, ಯಾಕೆಂದರೆ ಸಾಯಿಸುವುದೇ ಅಲ್ಲಿ ಕೆಲಸ. ಇದು ಸಣ್ಣ ವ್ಯತ್ಯಾಸ ಅಂತ ನಿನಗೆ ಅನ್ನಿಸಿದರೆ ಅನ್ನಿಸಲಿ. ಆ ಸಿರಿಂಜ್ ಹಿಡಿಯಬೇಕಾದವಳಿಗೆ ಅದು ಸಣ್ಣದಲ್ಲ. ನಾನಾ ದೇಶಗಳ ವೈದ್ಯರ ಸಂಘಗಳ ಒಕ್ಕೂಟವಾದ ವರ್ಲ್ಡ್ ಮೆಡಿಕಲ್ ಅಸೋಸಿಯೇಷನ್ ಕೂಡ 2019ರಲ್ಲಿ ತಾನು ಇದಕ್ಕೆ ವಿರುದ್ಧ ಅಂತ ಮತ್ತೊಮ್ಮೆ ಹೇಳಿತು. ಅವರೆಲ್ಲ ರಾಘು ಮಾವನ ಹಾಗೆ ದೇವರ ಲೆಕ್ಕ ಹಾಕಿದವರಲ್ಲ.

ರಾಘು ಮಾವ: ನನ್ನನ್ನು ಯಾಕೆ ಎಳೆಯುತ್ತೀಯಮ್ಮ, ನಾನು ನಿನ್ನ ಕಡೆಯೇ ಇದ್ದೇನೆ.

ಕಾವ್ಯ: ವಸುಧಕ್ಕ, ಕಾನೂನಿನಲ್ಲಿ ಷರತ್ತು ಹಾಕಬಹುದಲ್ಲ? ಆರು ತಿಂಗಳೊಳಗೆ ಸಾಯುವವರಿಗೆ ಮಾತ್ರ, ಇಬ್ಬರು ಡಾಕ್ಟರ ಸಹಿ, ಹೀಗೆ. ಬ್ರಿಟನ್ನಿನಲ್ಲಿ 2025ರ ಜೂನ್‌ನಲ್ಲಿ ಕೆಳಮನೆ ಒಪ್ಪಿದ ಮಸೂದೆಯಲ್ಲಿ ಅಂಥ ಷರತ್ತುಗಳೆಲ್ಲ ಇದ್ದವು.

ವಸುಧಾ: ಒಪ್ಪಿದವರು 314, ಬೇಡ ಅಂದವರು 291. ಅಂದರೆ ಅಲ್ಲಿನ ಸಂಸದರಲ್ಲೂ ಹೆಚ್ಚುಕಡಿಮೆ ಅರ್ಧ ಜನಕ್ಕೆ ಭಯ ಇತ್ತು. ಯಾಕೆ ಭಯ ಅಂತ ಕೆನಡಾ ನೋಡು. 2016ರಲ್ಲಿ ಕಾನೂನು ಬಂದಾಗ ಸಾವು ಹತ್ತಿರ ಬಂದವರಿಗೆ ಮಾತ್ರ ಅಂದರು. 2021ರಲ್ಲಿ ಆ ಷರತ್ತು ತೆಗೆದರು. ಈಗ ಸಾಯುವ ಕಾಯಿಲೆ ಇರಲೇಬೇಕು ಅಂತಿಲ್ಲ. ವಾಸಿಯಾಗದ ಗಂಭೀರ ಕಾಯಿಲೆಯೋ ಅಂಗವಿಕಲತೆಯೋ ಇದ್ದು, ಸಹಿಸಲಾಗದ ಸಂಕಟ ಅಂದರೆ ಅರ್ಜಿ ಹಾಕಬಹುದು. ಮಾನಸಿಕ ಕಾಯಿಲೆ ಒಂದೇ ಇದ್ದರೂ ಸಾಕು ಅಂತ ಮಾಡಲು ಹೊರಟು, ಸಿದ್ಧತೆ ಇಲ್ಲ ಅಂತ 2027ರ ಮಾರ್ಚ್‌ಗೆ ಮುಂದೂಡಿದ್ದಾರೆ. ಮೊದಲ ವರ್ಷ ಸಾವಿರದಷ್ಟು ಜನ ಹೋದರು. 2023ರಲ್ಲಿ 15,343. ಆ ದೇಶದಲ್ಲಿ ಆ ವರ್ಷ ಸತ್ತವರಲ್ಲಿ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಬ್ಬರು. ಷರತ್ತು ಹಾಕಿದವರು ಕೆಟ್ಟವರಲ್ಲ ಕಾವ್ಯ. ಆದರೆ ಒಮ್ಮೆ ಇದು ಚಿಕಿತ್ಸೆಯ ಪಟ್ಟಿಗೆ ಸೇರಿದರೆ, ಅವರಿಗೆ ಕೊಟ್ಟು ಇವರಿಗೆ ಯಾಕೆ ಕೊಡಲ್ಲ ಅಂತ ಕೋರ್ಟಿನಲ್ಲಿ ಕೇಳುತ್ತಾರೆ, ಕೋರ್ಟಿಗೆ ಉತ್ತರ ಕೊಡುವುದು ಕಷ್ಟ. ಕೆನಡಾದಲ್ಲಿ ಆದದ್ದೂ ಅದೇ, 2019ರಲ್ಲಿ ಕ್ವಿಬೆಕ್ ಕೋರ್ಟಿನ ತೀರ್ಪು ಬಂದ ಮೇಲೆಯೇ ಷರತ್ತು ಹೋಯಿತು.

ಸುಧೀರ: ಹೋದರೆ ಹೋಗಲಿ, ಅವರೆಲ್ಲ ತಾವೇ ಕೇಳಿಕೊಂಡವರು ತಾನೇ? ಯಾರೂ ಬಲವಂತ ಮಾಡಿಲ್ಲ. ಬೇಡದವರು ತೆಗೆದುಕೊಳ್ಳುವುದು ಬೇಡ. ನನ್ನ ದೇಹ, ನನ್ನ ತೀರ್ಮಾನ. ನಿಮ್ಮದೇನು ಅಡ್ಡಿ?

ವಸುಧಾ: ಈ ಒಂದು ಮಾತಿಗೇ ನಾನು ಜಗಳಕ್ಕೆ ಬಂದಿದ್ದು. ಯಾಕೆ ಕೇಳಿಕೊಳ್ಳುತ್ತಾರೆ ಅಂತ ನೋಡಿದ್ದೀಯಾ? ಅಮೆರಿಕದ ಒರೆಗಾನ್‌ನಲ್ಲಿ 1997ರಿಂದ ಈ ಕಾನೂನು ಇದೆ, ಅಲ್ಲಿನ ಆರೋಗ್ಯ ಇಲಾಖೆ ಪ್ರತಿ ವರ್ಷ ವರದಿ ಹಾಕುತ್ತದೆ. ಕಾರಣಗಳ ಪಟ್ಟಿಯಲ್ಲಿ ನೋವು ಮೇಲೆ ಇಲ್ಲ. ಮೇಲಿರುವುದು, ನನ್ನ ಕೆಲಸ ನಾನೇ ಮಾಡಿಕೊಳ್ಳಲಾಗುತ್ತಿಲ್ಲ, ಇಷ್ಟಪಟ್ಟದ್ದನ್ನು ಮಾಡಲಾಗುತ್ತಿಲ್ಲ, ಮರ್ಯಾದೆ ಹೋಯಿತು ಅನ್ನುವುದು. ಇತ್ತೀಚಿನ ವರ್ಷಗಳಲ್ಲಿ ಹತ್ತರಲ್ಲಿ ನಾಲ್ಕಕ್ಕೂ ಜಾಸ್ತಿ ಜನ, ಮನೆಯವರಿಗೆ ಹೊರೆಯಾಗುತ್ತೇನೆ ಅನ್ನುವುದನ್ನೂ ಸೇರಿಸಿದ್ದಾರೆ. ಹೊರೆ! ಇದು ಕಾಯಿಲೆಯ ಲಕ್ಷಣ ಅಲ್ಲ ಸುಧೀ. ಇದು ಪಕ್ಕದಲ್ಲಿರುವವರ ಮುಖ ನೋಡಿ ಹುಟ್ಟುವ ಯೋಚನೆ. ಆ ಯೋಚನೆಗೆ ನಾವು ಸಮಾಧಾನ ಹೇಳಬೇಕಾ, ಇಲ್ಲ ಫಾರಂ ಕೊಡಬೇಕಾ?

ವಸುಧಾ: ಇನ್ನೊಂದು. 2022ರಲ್ಲಿ ಕೆನಡಾದ ಮಾಜಿ ಸೈನಿಕರ ಇಲಾಖೆಯ ಸಿಬ್ಬಂದಿಯೊಬ್ಬರು, ಸಹಾಯ ಕೇಳಿ ಫೋನ್ ಮಾಡಿದವರಿಗೆ, ಅವರು ಕೇಳದೇ ಇದ್ದರೂ, ಈ ದಾರಿಯೂ ಇದೆ ನೋಡಿ ಅಂತ ಹೇಳಿದ್ದು ಬಯಲಾಯಿತು. ಮಂತ್ರಿಗಳೇ ಒಪ್ಪಿಕೊಂಡರು. ಅಲ್ಲೂ ಯಾರೂ ಬಲವಂತ ಮಾಡಲಿಲ್ಲ. ಸುಮ್ನೆ ಹೇಳಿದರು ಅಷ್ಟೇ.

ರಾಘು ಮಾವ: (ಶುಭ ಸಂಜೆ ಚಿತ್ರ)

ಕಾವ್ಯ: ಮಾವ, ಈಗ ಬೇಕಿತ್ತಾ ಇದು?

ರಾಘು ಮಾವ: ಬೇರೆ ಗುಂಪಿಗೆ ಕಳಿಸಲು ಹೋಗಿ ಇಲ್ಲಿ ಬಂತು. ಮುಂದುವರಿಸಿ.

ಸುಧೀರ: ಸರಿ ಅಕ್ಕ, ತಪ್ಪು ನಡೆದಿದೆ, ಒಪ್ಪುತ್ತೇನೆ. ಹಾಗಂತ ನಿಜವಾಗಿ ನರಳುವವನು ಇನ್ನೊಬ್ಬರ ತಪ್ಪಿಗೆ ಶಿಕ್ಷೆ ಅನುಭವಿಸಬೇಕಾ? "ಸಾಯಿಸಿಬಿಡಿ" ಅಂತ ನಿಮ್ಮ ವಾರ್ಡಿನಲ್ಲಿ ಯಾರೂ ಕೇಳುವುದೇ ಇಲ್ವಾ?

ವಸುಧಾ: ಕೇಳುತ್ತಾರೆ. ಬೇಕಾದಷ್ಟು ಜನ ಕೇಳುತ್ತಾರೆ. ಒಬ್ಬರ ವಿಷಯ ಹೇಳುತ್ತೇನೆ. ಬಾಯಿ ಕ್ಯಾನ್ಸರ್, ಕೆನ್ನೆ ಒಡೆದು ಗಾಯ ಹೊರಗೆ ಬಂದಿತ್ತು. ದಿನಾ ಕೈ ಮುಗಿದು ಅದನ್ನೇ ಕೇಳುತ್ತಿದ್ದರು. ನೋವಿಗೆ ಮಾರ್ಫಿನ್ ನಾಲ್ಕು ಗಂಟೆಗೊಮ್ಮೆ ಹೋಗುತ್ತಿತ್ತು, ನೋವು ಹಿಡಿತದಲ್ಲೇ ಇತ್ತು. ಮತ್ತೆ ಯಾಕೆ ಅಂತ ಪಕ್ಕದಲ್ಲಿ ಕೂತು ಕೇಳಿದೆ. ಮೊಮ್ಮಗಳು ಬಾಗಿಲ ಹತ್ತಿರ ಬಂದವಳು ಮೂಗು ಮುಚ್ಚಿಕೊಂಡು ಓಡಿಹೋಗಿದ್ದಳಂತೆ. ವಿಷಯ ಅಷ್ಟೇ. ಗಾಯಕ್ಕೆ ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸಿ, ದಿನಾ ಡ್ರೆಸ್ಸಿಂಗ್ ಬದಲಿಸಿದೆವು. ಇದೇನೂ ದೊಡ್ಡ ವಿದ್ಯೆ ಅಲ್ಲ, ವಾಸಿಯಾಗದವರ ನೋವು-ಸಂಕಟ ಇಳಿಸಿ ನೋಡಿಕೊಳ್ಳುವ ಪ್ಯಾಲಿಯೇಟಿವ್ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಕೆಲವೇ ದಿನಕ್ಕೆ ವಾಸನೆ ಇಳಿಯಿತು. ಹುಡುಗಿ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಆಟ ಆಡುತ್ತಿದ್ದಳು, ಅಜ್ಜ ಅವಳಿಗೆ ಸನ್ನೆಯಲ್ಲೇ ಬೈಯುತ್ತಿದ್ದರು. ಆಮೇಲೆ ಅವರು ಸತ್ತರು, ಕ್ಯಾನ್ಸರಿನಿಂದಲೇ. ಆದರೆ ಆ ಮಾತು ಮತ್ತೆ ಕೇಳಲಿಲ್ಲ. ಮೊದಲ ದಿನವೇ ಫಾರಂ ಕೈಗೆ ಸಿಕ್ಕಿದ್ದರೆ?

ವಸುಧಾ: ಕೆನಡಾದ ಚೊಚಿನಾವ್ ಅನ್ನುವ ಮನೋವೈದ್ಯರು ಸಾಯುವ ಹಂತದ ಕ್ಯಾನ್ಸರ್ ರೋಗಿಗಳನ್ನು ದಿನಕ್ಕೆ ಎರಡು ಸಲ ಬದುಕುವ ಆಸೆ ಎಷ್ಟಿದೆ ಅಂತ ಕೇಳುತ್ತಾ ಹೋದರು. 1999ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬೆಳಗ್ಗೆ ಒಂದು ಹೇಳಿದವರು ಸಂಜೆಗೆ ಇನ್ನೊಂದು. ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗೂ ಇದು ಆಶ್ಚರ್ಯ ಅಲ್ಲ. ಅಷ್ಟು ಏರಿಳಿಯುವ ಮನಸ್ಸಿಗೆ, ವಾಪಸ್ ತೆಗೆದುಕೊಳ್ಳಲಾಗದ ತೀರ್ಮಾನವನ್ನು ಯಾವ ಹೊತ್ತಿನಲ್ಲಿ ಕೇಳುತ್ತೀರಿ?

ಸುಧೀರ: ಔಷಧಿಯಿಂದ ಎಲ್ಲರ ನೋವೂ ಹೋಗುತ್ತಾ? ನೂರಕ್ಕೆ ನೂರು? ನಿಜ ಹೇಳಿ.

ವಸುಧಾ: ಇಲ್ಲ. ಬಹಳಷ್ಟು ಜನಕ್ಕೆ ಹೋಗುತ್ತದೆ, ಎಲ್ಲರಿಗೂ ಅಲ್ಲ. ಏನು ಮಾಡಿದರೂ ಬಗ್ಗದಿದ್ದರೆ ಕೊನೆಯ ದಿನಗಳಲ್ಲಿ ನಿದ್ದೆ ಬರುವ ಔಷಧಿ ಕೊಟ್ಟು ಮಂಪರಿನಲ್ಲಿ ಇಡುತ್ತೇವೆ, ಸಂಕಟ ಇಳಿಯುವಷ್ಟೇ. ನರಗಳ ಕಾಯಿಲೆಯಲ್ಲಿ ವರ್ಷಗಟ್ಟಲೆ ಒಂದೊಂದೇ ಅಂಗ ಕಳೆದುಕೊಳ್ಳುತ್ತಾ, ಪೂರ್ತಿ ಎಚ್ಚರದಲ್ಲಿ, ನನಗೆ ಸಾಕು ಅಂತ ಶಾಂತವಾಗಿ ಹೇಳುವವನಿಗೆ ಕೊಡಲು ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಆದರೆ ಅವನೊಬ್ಬನಿಗಾಗಿ ಬರೆದ ಕಾನೂನು ಅವನ ಮನೆಯಲ್ಲಿ ನಿಲ್ಲುವುದಿಲ್ಲ. ಮಾತಾಡಲು ಧೈರ್ಯ ಇಲ್ಲದ ಪ್ರತಿಯೊಬ್ಬರ ಮನೆಗೂ ಬರುತ್ತದೆ. ಅವನ ಸ್ವಾತಂತ್ರ್ಯ ದೊಡ್ಡದಾ, ಇವರ ನೆಮ್ಮದಿ ದೊಡ್ಡದಾ ಅಂತ ತೂಗಲೇಬೇಕಾದರೆ ನಾನು ಇವರ ಕಡೆ.

ಶಾರದತ್ತೆ: ನಾನೂ ಓದುತ್ತಾ ಇದ್ದೇನೆ. ಕೈ ನಡುಗುತ್ತದೆ, ಒತ್ತುವುದು ನಿಧಾನ, ಮಧ್ಯೆ ಯಾರೂ ಬರೆಯಬೇಡಿ.

ಶಾರದತ್ತೆ: ಪಾರ್ಕಿನ್ಸನ್ ಬಂದ ಮೇಲೆ ನನ್ನನ್ನು ಎಬ್ಬಿಸುವುದು, ಕೂರಿಸುವುದು, ಡೈಪರ್ ಬದಲಿಸುವುದು ಎಲ್ಲ ಸೊಸೆಯೇ. ಬದಲಿಸುವಾಗ ಮುಖ ಆ ಕಡೆ ತಿರುಗಿಸಿಕೊಂಡು ಏನಾದರೂ ಮಾತಾಡುತ್ತಾ ಇರುತ್ತಾಳೆ, ನನಗೆ ನಾಚಿಕೆ ಆಗಬಾರದು ಅಂತ. ಸುಧೀ ಹೇಳುವ ಫಾರಂ ಬಂದರೆ ನನಗೆ ಯಾರೂ ಸಹಿ ಹಾಕು ಅನ್ನುವುದಿಲ್ಲ, ಗೊತ್ತು. ಆದರೆ ಅವಳು ಸೊಂಟ ಹಿಡಿದುಕೊಂಡು ನಿಂತಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಈಗ ನಾನು ಬದುಕಿರುವುದಕ್ಕೆ ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಆಮೇಲೆ ಕೊಡಬೇಕಾಗುತ್ತದೆ.

ಸುಧೀರ: ಅಯ್ಯೋ ಅತ್ತೆ, ನಿಮ್ಮ ವಿಷಯ ಅಲ್ಲ ನಾನು ಹೇಳಿದ್ದು.

ಶಾರದತ್ತೆ: ಪಟ್ಟಿ ಮಾಡುವಾಗ ನನ್ನ ಕಾಯಿಲೆಯೂ ಅದರಲ್ಲಿ ಇರುತ್ತದಲ್ಲಪ್ಪ.

ಕಾವ್ಯ: ಅತ್ತೆ...

ವಸುಧಾ: ಅಂಗವಿಕಲರ ಸಂಘಟನೆಗಳು ಹೇಳುವುದೂ ಇದನ್ನೇ. ಅಮೆರಿಕದಲ್ಲಿ ‘ನಾಟ್ ಡೆಡ್ ಯೆಟ್’ ಅಂತ ಗುಂಪು ಕಟ್ಟಿದ್ದು 1996ರಲ್ಲಿ. 2025ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿಯೇ ಕೆನಡಾಗೆ ಹೇಳಿತು, ಸಾವು ಹತ್ತಿರ ಇಲ್ಲದವರಿಗೂ ಕೊಡುವ ಆ ಭಾಗವನ್ನು ತೆಗೆದುಹಾಕಿ ಅಂತ. ಆರೋಗ್ಯವಂತ ಮನುಷ್ಯ "ಸಾಯಬೇಕು" ಅಂದರೆ ಕೌನ್ಸೆಲಿಂಗ್‌ಗೆ ಕಳಿಸುತ್ತೀರಿ, ಗಾಲಿಕುರ್ಚಿಯಲ್ಲಿ ಇರುವವನು ಅದನ್ನೇ ಹೇಳಿದರೆ ಪಾಪ, ಅರ್ಥವಾಗುತ್ತದೆ ಅನ್ನುತ್ತೀರಿ. ಅವರ ಸಿಟ್ಟು ಅದಕ್ಕೆ.

ಸುಧೀರ: ಅರುಣಾ ಶಾನಭಾಗ ಅವರ ಕೇಸು? 1973ರಲ್ಲಿ ಆಸ್ಪತ್ರೆಯಲ್ಲೇ ಹಲ್ಲೆಗೊಳಗಾದ ನರ್ಸ್, ಅಲ್ಲಿಂದ ಹಾಸಿಗೆಯಲ್ಲೇ. ಅದೂ ಬದುಕಾ?

ವಸುಧಾ: ನಮ್ಮ ಹಳದೀಪುರದ ಹೆಣ್ಣುಮಗಳು. ಸಾಯಲು ಬಿಡಿ ಅಂತ ಅರ್ಜಿ ಹಾಕಿದ್ದು ಒಬ್ಬ ಪತ್ರಕರ್ತೆ. ಬೇಡ ಅಂತ ಹಟ ಹಿಡಿದವರು ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸುಗಳು, ದಿನಾ ಅವರಿಗೆ ಉಣಿಸಿ ಮೈ ತೊಳೆದವರು. ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಇರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಏನಾಗುತ್ತದೆ ಅಂತ ನೋಡಿದವರಿಗೆ ಅದರ ಬೆಲೆ ಗೊತ್ತು. 2011ರಲ್ಲಿ ಕೋರ್ಟು ಆ ಸಿಬ್ಬಂದಿಯ ಮಾತನ್ನೇ ಕೇಳಿತು. 2015ರಲ್ಲಿ ನ್ಯುಮೋನಿಯಾ ಬಂದು ಹೋದರು. ಅದು ಬದುಕಾ ಅಂತ ನಾನು ಹೇಳಲಾರೆ. ಆದರೆ ಹತ್ತಿರ ಇದ್ದವರು ಒಂದು ಹೇಳಿದರು, ದೂರ ಇದ್ದವರು ಇನ್ನೊಂದು ಹೇಳಿದರು. ಇದು ನೆನಪಿರಲಿ.

ಸುಧೀರ: ಅಕ್ಕ, ಎಲ್ಲರಿಗೂ ಕೆಇಎಂ ನರ್ಸುಗಳು ಸಿಗುವುದಿಲ್ಲ. ಮಾರ್ಫಿನ್ನೂ ಸಿಗುವುದಿಲ್ಲ. ಅದನ್ನು ಮೊದಲು ಕೊಡಿ, ಆಮೇಲೆ ಪಾಠ ಹೇಳಿ.

ವಸುಧಾ: ಈಗ ಸರಿಯಾದ ಮಾತು ಆಡಿದೆ. ಪ್ಯಾಲಿಯೇಟಿವ್ ಆರೈಕೆ ಬೇಕಾದವರಲ್ಲಿ ನೂರಕ್ಕೆ 14 ಜನಕ್ಕೆ ಮಾತ್ರ ಅದು ಸಿಗುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಇಲ್ಲಿ ಮಾರ್ಫಿನ್ ಸುಲಭವಾಗಿ ಸಿಗಲಿ ಅಂತ 2014ರಲ್ಲಿ ಕಾನೂನು ತಿದ್ದಿದರು, ಎಷ್ಟೋ ಆಸ್ಪತ್ರೆಗಳಲ್ಲಿ ಈಗಲೂ ಇಡುವುದಿಲ್ಲ. ನೋವಿಗೆ ಮಾತ್ರೆ ಕೊಡದ ವ್ಯವಸ್ಥೆ ಸಾವನ್ನು ಮಾತ್ರ ಜೋಪಾನವಾಗಿ ಕೊಡುತ್ತದೆ ಅಂತ ನಂಬುತ್ತೀಯಾ? ನೋವು ಇಳಿಸುವುದಕ್ಕೆ ಜನ ಬೇಕು, ರಾತ್ರಿ ಪಾಳಿ ಬೇಕು, ವರ್ಷಗಟ್ಟಲೆ ದುಡ್ಡು ಬೇಕು. ಇನ್ನೊಂದು ಅಗ್ಗ. ಅಗ್ಗದ್ದು ಪಕ್ಕದಲ್ಲೇ ಇಟ್ಟರೆ ಆಡಳಿತದವರು ಯಾವುದಕ್ಕೆ ಖರ್ಚು ಮಾಡುತ್ತಾರೆ ನೀನೇ ಹೇಳು.

ಸುಧೀರ: ಈ ಪಾಯಿಂಟ್ ಒಪ್ಪಿದೆ. ಉಳಿದದ್ದು ಇಲ್ಲ. ನನಗೆ ಆ ಗತಿ ಬಂದರೆ ನನ್ನ ಇಷ್ಟದ ಹಾಗೆ ಹೋಗುವ ಹಕ್ಕು ಬೇಕು, ಅಷ್ಟೇ.

ಕಾವ್ಯ: ವಸುಧಕ್ಕ, ಯಂತ್ರ ಬೇಡ ಅಂತ ಮೊದಲೇ ಬರೆದಿಡಬಹುದಂತಲ್ಲ, ಹೇಗೆ?

ವಸುಧಾ: 18 ದಾಟಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ನಮಗೆ ಎಚ್ಚರ ಇಲ್ಲದಾಗ ನಮ್ಮ ಪರ ಮಾತಾಡುವವರ ಹೆಸರನ್ನೂ ಹಾಕಬೇಕು. ಅದು ಜಾರಿಗೆ ಬರಬೇಕಾದರೆ ಆಸ್ಪತ್ರೆಯಲ್ಲಿ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು.

ಶಾರದತ್ತೆ: ಹಾಗಾದರೆ ನನ್ನದು ಬರೆಸಿಬಿಡೋಣ. ವೆಂಟಿಲೇಟರ್ ಬೇಡ ಅಂತ ಹಾಕು. ನೋವಿನ ಔಷಧಿಗೆ ಮಾತ್ರ ಜಿಪುಣತನ ಮಾಡಬೇಡಿ ಅಂತಲೂ ಹಾಕು.

ಸುಧೀರ: ಸಾಕ್ಷಿ ನಾನು ಹಾಕುತ್ತೇನೆ ಅತ್ತೆ.

ವಸುಧಾ: ಸಾಕ್ಷಿಗಳು ಮನೆಯವರಲ್ಲದಿದ್ದರೆ ಒಳ್ಳೆಯದು. ಬೇಕಾದರೆ ಅತ್ತೆಯ ಪರ ಮಾತಾಡುವವರ ಜಾಗದಲ್ಲಿ ನಿನ್ನ ಹೆಸರು ಹಾಕಬಹುದು, ಅವರು ಒಪ್ಪಿದರೆ.

ಶಾರದತ್ತೆ: ಇವನದಾ? ಯೋಚನೆ ಮಾಡಿ ಹೇಳುತ್ತೇನೆ.