ಉಳಿಕೆ ದೋಷ ಸೊನ್ನೆ, ಆದರೂ ಸೌತ್ ಪರೇಡ್ ಡೊಂಕು

ನಕ್ಷೆಹುಳು:
1890ರ ಆಸುಪಾಸಿನ ಬೆಂಗಳೂರು ದಂಡುಪ್ರದೇಶದ ನಕ್ಷೆಯ ಸ್ಕ್ಯಾನ್ ಒಂದು ಸಿಕ್ಕಿದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಜಿಯೊರೆಫರೆನ್ಸರ್‌ನಲ್ಲಿ (ಹಳೆಯ ನಕ್ಷೆಯನ್ನು ಇಂದಿನದರ ಮೇಲೆ ಕೂರಿಸುವ ಸಲಕರಣೆ) ಎರಡರಲ್ಲೂ ಕಾಣುವ ಹದಿನಾಲ್ಕು ಬಿಂದುಗಳನ್ನು ಗುರುತಿಸಿ, ಚಿತ್ರವನ್ನು ರಬ್ಬರಿನಂತೆ ಎಳೆದು ಹೊಂದಿಸುವ ಥಿನ್ ಪ್ಲೇಟ್ ಸ್ಪ್ಲೈನ್ ವಿಧಾನ ಆರಿಸಿ, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇಂದಿನ ನಕ್ಷೆಯ ಮೇಲೆ ಹೊದಿಸಿದೆ. ಉಳಿಕೆ ದೋಷ, ಅಂದರೆ ಹೊಂದಿಸಿದ ಮೇಲೂ ಬಿಂದುಗಳಲ್ಲಿ ಉಳಿಯುವ ತಪ್ಪು, ಸೊನ್ನೆ! ಆದರೆ ಸೌತ್ ಪರೇಡ್, ಅಂದರೆ ಇಂದಿನ ಎಂ.ಜಿ. ರಸ್ತೆ, ಎರಡು ಕಡೆ ಹಾವಿನಂತೆ ಬಳುಕುತ್ತಿದೆ. ಸಂಪಂಗಿ ಕೆರೆ ಕಬ್ಬನ್ ಪಾರ್ಕಿನೊಳಗೆ ನುಗ್ಗಿದೆ. ಆ ರಸ್ತೆಯನ್ನು ಮುಂದೆ ಯಾರಾದರೂ ನೇರ ಮಾಡಿದರೇ?

ಸರಪಳಿ:
ಪರೇಡ್ ಮೈದಾನದ ಅಂಚಿಗೆ ಎಳೆದ ರಸ್ತೆ ಅದು, ಡೊಂಕಾಗಿರಲು ಕಾರಣವೇ ಇಲ್ಲ. ಮೂಲ ಸ್ಕ್ಯಾನಿನಲ್ಲಿ ನೇರವಾಗಿಯೇ ಇದೆಯಲ್ಲವೇ? ಹಾಗಿದ್ದರೆ ಬಳುಕಿಸಿದ್ದು ನೀವು. ಸ್ಪ್ಲೈನ್ ನೀವು ಕೊಟ್ಟ ಪ್ರತಿ ಬಿಂದುವಿನ ಮೂಲಕ ಹಾದೇ ತೀರುತ್ತದೆ, ಬಿಂದು ತಪ್ಪಾಗಿದ್ದರೂ. ಅದಕ್ಕೇ ಸೊನ್ನೆ. ಪರೀಕ್ಷಾರ್ಥಿಯೇ ತನ್ನ ಉತ್ತರಪತ್ರಿಕೆ ತಿದ್ದಿಕೊಂಡ ಹಾಗೆ. ಬಿಂದುಗಳನ್ನು ಎಲ್ಲಿಂದ ತೆಗೆದಿರಿ? ನಕ್ಷೆ ಬಟ್ಟೆಗೆ ಅಂಟಿಸಿದ್ದೇ?

ನಕ್ಷೆಹುಳು:
ಐದು ಹಲಸೂರು ಕೆರೆಯ ದಡದಿಂದ, ನಾಲ್ಕು ಎಂ.ಜಿ. ರಸ್ತೆಯ ಅಂಚಿನಿಂದ, ಉಳಿದವು ರಸ್ತೆ ಕೂಡುಗಳಿಂದ. ಹೌದು, ಬಟ್ಟೆಗೆ ಅಂಟಿಸಿದ್ದಾರೆ. ತುಂಡುಗಳ ನಡುವೆ ಬೆರಳಗಲದ ಬಿಳಿ ಪಟ್ಟಿಗಳಿವೆ.

ಸರಪಳಿ:
ಕಳ್ಳ ಸಿಕ್ಕಿದ. ಮಡಚಲು ಅನುಕೂಲವಾಗಲೆಂದು ಹಿಂದೆ ನಕ್ಷೆಯನ್ನು ಕತ್ತರಿಸಿ, ನಡುವೆ ಸಂದು ಬಿಟ್ಟು ಬಟ್ಟೆಗೆ ಅಂಟಿಸುತ್ತಿದ್ದರು. ಆ ಬಿಳಿ ಪಟ್ಟಿಗೆ ನೆಲದ ಮೇಲೆ ಜಾಗವೇ ಇಲ್ಲ. ಚಿತ್ರ ತಿದ್ದುವ ತಂತ್ರಾಂಶದಲ್ಲಿ ತುಂಡುಗಳನ್ನು ಬೇರ್ಪಡಿಸಿ, ಅಂಚಿಗೆ ಅಂಚು ತಾಗಿಸಿ ಮತ್ತೆ ಜೋಡಿಸಿ.

ಕೆರೆಯ ದಡ ನಂಬಿಕೆಗೆ ಅನರ್ಹ: ನೀರು ಏರಿಳಿಯುತ್ತದೆ, ದಡ ಒತ್ತುವರಿಯಾಗುತ್ತದೆ. ಎಂ.ಜಿ. ರಸ್ತೆಯ ಅಂಚನ್ನು ಮೆಟ್ರೊ ಬದಲಿಸಿಬಿಟ್ಟಿದೆ. ಕಟ್ಟಡಗಳಿಗೆ ಅಂಟಿಕೊಳ್ಳಿ. ಟ್ರಿನಿಟಿ ಚರ್ಚ್ (1851), ಸಂತ ಆಂಡ್ರೂಸ್ ಚರ್ಚ್ (1866), ಅಠಾರಾ ಕಚೇರಿ (1868) ಇವೆಲ್ಲ ನಿಂತಲ್ಲೇ ನಿಂತಿವೆ. ಆದರೆ ಈ ಮೂರೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಒಂದೇ ಸಾಲಿನಲ್ಲಿವೆ; ಬಿಂದುಗಳು ನಕ್ಷೆಯ ತುಂಬ ಹರಡಿರಬೇಕು. ಉತ್ತರಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ, ದಕ್ಷಿಣಕ್ಕೆ ಹೊಸೂರು ರಸ್ತೆಯ ಆಲ್ ಸೇಂಟ್ಸ್ ಚರ್ಚ್ ಸೇರಿಸಿ. ಸ್ಪ್ಲೈನ್ ಬಿಟ್ಟು ಮೊದಲ ದರ್ಜೆಯ ಪಾಲಿನೋಮಿಯಲ್ ಆರಿಸಿ, ಅದು ನೇರ ಗೆರೆಯನ್ನು ನೇರವಾಗಿಯೇ ಉಳಿಸುತ್ತದೆ. ಅದಕ್ಕೆ ಮೂರು ಬಿಂದು ಸಾಕು. ಏಳೆಂಟು ಕೊಟ್ಟರೆ ತಪ್ಪಿದ ಬಿಂದು ತಾನೇ ಎದ್ದು ಕಾಣುತ್ತದೆ.

ಮೈಲುಗಲ್ಲು:
ನಡುವೆ ಒಂದು ಮಾತು. ನಕ್ಷೆಯ ಅಂಚಿನಲ್ಲಿ ಬರೆದಿರುವ ರೇಖಾಂಶವನ್ನು ನೇರವಾಗಿ ತುಂಬಬೇಡಿ. ಹಳೆಯ ಸರ್ವೆಯ ರೇಖಾಂಶಗಳು ನಿಂತಿದ್ದು ಮದ್ರಾಸ್ ವೀಕ್ಷಣಾಲಯದ ಅಂದಿನ ಲೆಕ್ಕದ ಮೇಲೆ. ಇಂದಿನದಕ್ಕೂ ಅದಕ್ಕೂ ಸುಮಾರು ಎರಡೂವರೆ ನಿಮಿಷದ ಅಂತರ. ನಮ್ಮ ಅಕ್ಷಾಂಶದಲ್ಲಿ ಅದು ನಾಲ್ಕೂವರೆ ಕಿಲೋಮೀಟರ್! ಇಡೀ ದಂಡನ್ನೇ ಊರಾಚೆ ಕಳುಹಿಸಿದ ಹಾಗಾಗುತ್ತದೆ.

ನಕ್ಷೆಹುಳು:
ಎರಡು ಸಂಜೆ ಹಿಡಿಯಿತು. ಎಂಟು ಕಟ್ಟಡ, ಪಾಲಿನೋಮಿಯಲ್ 1. ದೋಷ ಈಗ ಒಂಬತ್ತು ಪಿಕ್ಸೆಲ್, ನೆಲದ ಮೇಲೆ ಹದಿಮೂರು ಮೀಟರ್‌ನಷ್ಟು. ಸೊನ್ನೆಗಿಂತ ಇದೇ ಹಿತವಾಗಿದೆ. ಸೌತ್ ಪರೇಡ್ ಬಾಣದಂತೆ ನೇರ. ಸಂಪಂಗಿ ಕೆರೆ ಪಾರ್ಕಿನಿಂದ ಹೊರಬಂದು ಇಂದು ಆ ಕೆರೆಯಂಗಳದಲ್ಲೇ ನಿಂತಿರುವ ಕಂಠೀರವ ಕ್ರೀಡಾಂಗಣವನ್ನು ನುಂಗಿದೆ. ಹಳೆಯ ನಕ್ಷೆಯನ್ನು ಅರ್ಧ ಪಾರದರ್ಶಕವಾಗಿಸಿ ನೋಡಿದರೆ, ಕ್ರೀಡಾಂಗಣದ ಪಕ್ಕ ಕರಗಕ್ಕಾಗಿ ಉಳಿಸಿಕೊಂಡಿರುವ ಪುಟ್ಟ ಹೊಂಡ ಹಳೆಯ ಕೆರೆಯ ಗೆರೆಯೊಳಗೇ ಕುಳಿತಿದೆ. ಅದನ್ನು ನಾನು ಬಿಂದುವಾಗಿ ಕೊಟ್ಟೇ ಇರಲಿಲ್ಲ.